ದೊಡ್ಡ ಬೇಟೆಯ ರೈಫಲ್‌ಗೆ ಸ್ವಂತವಾಗಿ ತೋಟಾ ಕಟ್ಟುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ವಿವರಗಳೆಲ್ಲ ಅಮೆರಿಕಕ್ಕೆ ಸಂಬಂಧಿಸಿದವು. ಅಲ್ಲಿ ಪರವಾನಗಿ ಪಡೆದು ಬೇಟೆಯಾಡುವುದೂ, ಸ್ವಂತ ಬಳಕೆಗಾಗಿ ಮನೆಯಲ್ಲಿ ತೋಟಾ ಕಟ್ಟಿಕೊಳ್ಳುವುದೂ ಕಾನೂನುಬದ್ಧ ಹವ್ಯಾಸಗಳು. ವಿಷಯ ಚದುರದಿರಲೆಂದು ಒಂದೇ ಉದಾಹರಣೆಯನ್ನು ಇಟ್ಟುಕೊಳ್ಳಲಾಗಿದೆ: ಕೊಲರಾಡೊದ ಬೆಟ್ಟಗಳಲ್ಲಿ ಎಲ್ಕ್ ಬೇಟೆಗೆ ಬಳಸುವ .30-06 ಸ್ಪ್ರಿಂಗ್‌ಫೀಲ್ಡ್ ರೈಫಲ್. ಎಲ್ಕ್ ನಮ್ಮ ಕಡವೆಯ ಬಳಗಕ್ಕೆ ಸೇರಿದ ಭಾರಿ ಮೈಯ ಜಿಂಕೆ.

ತೋಟಾ ಕಟ್ಟುವುದು ಎಂದರೆ ಏನು?

ರೈಫಲ್ ತೋಟಾದಲ್ಲಿ ನಾಲ್ಕು ಭಾಗಗಳಿವೆ: ಹಿತ್ತಾಳೆಯ ಕೇಸ್, ಅದರ ಬುಡದಲ್ಲಿ ಕೂತು ಮದ್ದಿಗೆ ಕಿಡಿ ಹಚ್ಚುವ ಪ್ರೈಮರ್, ಒಳಗಿನ ಮದ್ದು ಮತ್ತು ಬಾಯಲ್ಲಿ ಕಚ್ಚಿಕೊಂಡಿರುವ ಗುಂಡು. ಹಾರಿಸಿದಾಗ ಕೊನೆಯ ಮೂರು ಮುಗಿದುಹೋಗುತ್ತವೆ, ಕೇಸ್ ಮಾತ್ರ ಉಳಿಯುತ್ತದೆ. ಹಿಗ್ಗಿದ ಆ ಕೇಸನ್ನು ಅಚ್ಚಿನಲ್ಲಿ ಒತ್ತಿ ಮೂಲ ಅಳತೆಗೆ ತಂದು, ಹೊಸ ಪ್ರೈಮರ್ ಕೂರಿಸಿ, ಮದ್ದನ್ನು ತೂಗಿ ಹಾಕಿ, ಹೊಸ ಗುಂಡನ್ನು ಬೇಕಾದ ಆಳಕ್ಕೆ ಕೂರಿಸುವುದೇ ಈ ಕೆಲಸ. .30-06 ಅನ್ನು ಅಮೆರಿಕದ ಸೇನೆ 1906ರಲ್ಲಿ ಅಳವಡಿಸಿಕೊಂಡಿತು. ಹೆಸರಿನ ಕೊನೆಯ ಎರಡು ಅಂಕೆಗಳು ಬಂದದ್ದು ಅಲ್ಲಿಂದಲೇ. 1926ರಲ್ಲಿ ಸ್ಥಾಪನೆಯಾದ ಸಾಮಿ ಎಂಬ ತಯಾರಕರ ಸಂಸ್ಥೆಯ ಮಾನದಂಡದಂತೆ ಇದರ ಕೇಸಿನ ಗರಿಷ್ಠ ಉದ್ದ 2.494 ಇಂಚು, ಪೂರ್ಣ ತೋಟಾದ ಗರಿಷ್ಠ ಉದ್ದ 3.340 ಇಂಚು, ಒಳ ಒತ್ತಡದ ಮಿತಿ ಚದರ ಇಂಚಿಗೆ 60,000 ಪೌಂಡ್. ಮುಖಕ್ಕೆ ಕೆಲವೇ ಇಂಚು ದೂರದಲ್ಲಿ ಆಗುವ ಒತ್ತಡ ಇದು ಎಂಬುದು ಕೆಲಸಕ್ಕೆ ಕೂತವರ ತಲೆಯಲ್ಲಿ ಸದಾ ಇರಬೇಕು.

ಇದರಿಂದ ಹಣ ಉಳಿಯುತ್ತದೆಯೇ?

ಉಳಿಯುತ್ತದೆಂದು ಭಾವಿಸಿ ಆರಂಭಿಸುವವರೇ ಹೆಚ್ಚು. ಒಂದೊಂದು ತೋಟಾದ ಖರ್ಚು ಕಡಿಮೆಯಾಗುವುದು ನಿಜವಾದರೂ ಉಪಕರಣಗಳಿಗೆ ಹಣ ಹಾಕಬೇಕು, ಮತ್ತು ತೋಟಾ ಅಗ್ಗವಾದಂತೆ ಅಭ್ಯಾಸವೂ ಹೆಚ್ಚುತ್ತದೆ. ನಿಜವಾದ ಲಾಭ ಬೇರೆಡೆ ಇದೆ. ನಿಮ್ಮ ರೈಫಲ್‌ಗೆ ಒಗ್ಗುವ ಗುಂಡನ್ನು, ಅಂಗಡಿಯ ತೋಟಾದಲ್ಲಿ ಸಿಗದಿದ್ದರೂ, ನೀವೇ ಆರಿಸಿಕೊಳ್ಳಬಹುದು.

ಎಚ್-1ಬಿ ವೀಸಾದಲ್ಲಿರುವವರು ಈ ಹವ್ಯಾಸಕ್ಕೆ ಇಳಿಯಬಹುದೇ?

ಕನ್ನಡಿಗರು ಎಲ್ಲಕ್ಕಿಂತ ಮೊದಲು ವಿಚಾರಿಸಿಕೊಳ್ಳಬೇಕಾದ ಪ್ರಶ್ನೆ ಇದು. ಎಚ್-1ಬಿಯಂಥ ವಲಸೆಯೇತರ ವೀಸಾದ ಮೇಲೆ ಪ್ರವೇಶ ಪಡೆದವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಹೊಂದಿರುವುದನ್ನು ಅಮೆರಿಕದ ಒಕ್ಕೂಟ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಅದಕ್ಕಿರುವ ವಿನಾಯಿತಿಗಳಲ್ಲಿ ಮುಖ್ಯವಾದದ್ದು, ಅಲ್ಲಿನ ರಾಜ್ಯವೊಂದು ಕ್ರಮಬದ್ಧವಾಗಿ ಕೊಟ್ಟ, ಅವಧಿ ಮುಗಿಯದ ಬೇಟೆ ಪರವಾನಗಿ ಕೈಯಲ್ಲಿರುವುದು. ಗ್ರೀನ್ ಕಾರ್ಡ್ ಇರುವವರಿಗೆ ಈ ನಿಷೇಧ ಅನ್ವಯಿಸುವುದಿಲ್ಲ. ಇಲ್ಲಿ ಹೆಚ್ಚಿನವರ ಗಮನಕ್ಕೆ ಬಾರದ ಒಂದು ಅಂಶವಿದೆ: ಆ ಕಾನೂನಿನ ವ್ಯಾಖ್ಯೆಯಲ್ಲಿ ಖಾಲಿ ಕೇಸ್, ಪ್ರೈಮರ್, ಗುಂಡು, ಮದ್ದು ಪ್ರತಿಯೊಂದೂ ತೋಟಾ ಎಂದೇ ಲೆಕ್ಕ. ಆದ್ದರಿಂದ "ಬಂದೂಕು ಗೆಳೆಯನದ್ದು, ನನ್ನ ಮನೆಯಲ್ಲಿರುವುದು ಬರೀ ಸಾಮಾನು" ಎಂಬ ಸಮಾಧಾನ ನಿಲ್ಲುವುದಿಲ್ಲ. ರಾಜ್ಯಗಳ ನಿಯಮಗಳು ಇದಕ್ಕಿಂತ ಬಿಗಿಯಾಗಿರಬಹುದು. ವೀಸಾ ಕೈತಪ್ಪುವ ಸಾಧ್ಯತೆ ಇರುವುದರಿಂದ ವಕೀಲರನ್ನು ಕೇಳಿಯೇ ಮುಂದುವರಿಯುವುದು ಕ್ಷೇಮ.

ಊರಿನಲ್ಲಿ ಕೇಪಿನ ಕೋವಿಗೆ ಮದ್ದು ತುಂಬಿ ರೂಢಿಯಿದೆ. ಅದೇ ಅಂದಾಜು ಇಲ್ಲಿಯೂ ನಡೆಯುತ್ತದೆಯೇ?

ನಡೆಯುವುದಿಲ್ಲ, ಮತ್ತು ಆ ರೂಢಿಯೇ ಅಪಾಯ ತಂದೀತು. ಮಲೆನಾಡು, ಕೊಡಗಿನ ಮನೆಗಳ ಕೇಪಿನ ಕೋವಿಗೆ ಹಾಕುತ್ತಿದ್ದದ್ದು ಕರಿಮದ್ದು. ಅದನ್ನು ಅಳತೆಯ ಕೊಳವೆಯಲ್ಲಿ ತುಂಬಿ ಸುರಿಯುವುದು ವಾಡಿಕೆ. ಸ್ವಲ್ಪ ಹೆಚ್ಚು ಕಡಿಮೆಯಾದರೂ ಬಹಳ ಮಟ್ಟಿಗೆ ತಡೆದುಕೊಂಡು ಹೋಗುತ್ತದೆ. ಇಂದಿನ ರೈಫಲ್ ತೋಟಾದಲ್ಲಿರುವುದು ನೈಟ್ರೋಸೆಲ್ಯುಲೋಸ್ ಆಧಾರಿತ ಹೊಗೆರಹಿತ ಮದ್ದು. ಅದು ಉರಿಯುವ ವೇಗ ಸುತ್ತಲಿನ ಒತ್ತಡದೊಂದಿಗೆ ಏರುತ್ತದೆ, ಆ ವೇಗ ಮತ್ತೆ ಒತ್ತಡವನ್ನು ಏರಿಸುತ್ತದೆ. ಹೀಗಾಗಿ ಮಿತಿಯ ಬಳಿ ಅತಿ ಸಣ್ಣ ಹೆಚ್ಚಳವೂ ಭಾರಿ ಪರಿಣಾಮ ಬೀರುತ್ತದೆ. ಇಲ್ಲಿನ ತೂಕದ ಏಕಮಾನ ಗ್ರೇನ್. ಒಂದು ಪೌಂಡಿಗೆ 7,000 ಗ್ರೇನ್, ಅಂದರೆ ಒಂದು ಗ್ರೇನ್ ಸುಮಾರು 65 ಮಿಲಿಗ್ರಾಂ. ತಕ್ಕಡಿ ಅದರ ಹತ್ತನೇ ಒಂದು ಭಾಗವನ್ನೂ ತೋರಿಸಬೇಕು. ಹೊಗೆರಹಿತ ಮದ್ದನ್ನು ಕರಿಮದ್ದಿನ ಕೋವಿಗೆ ಹಾಕಿದರೆ ನಳಿಗೆ ಸೀಳಿಹೋಗುತ್ತದೆ. ಇದಕ್ಕೆ "ಸ್ವಲ್ಪ ಹಾಕಿದರೆ ಪರವಾಗಿಲ್ಲ" ಎಂಬ ವಿನಾಯಿತಿ ಇಲ್ಲ.

ಹಾಗಾದರೆ ಎಷ್ಟು ಮದ್ದು ಹಾಕಬೇಕು? ಇಲ್ಲೇಕೆ ತೂಕ ಕೊಟ್ಟಿಲ್ಲ?

ಬೇಕೆಂದೇ ಕೊಟ್ಟಿಲ್ಲ. ಮದ್ದಿನ ತೂಕವನ್ನು ಮದ್ದಿನ ಅಥವಾ ಗುಂಡಿನ ತಯಾರಕರು ಪ್ರಕಟಿಸುವ ಪ್ರಸ್ತುತ ಕೈಪಿಡಿಯಿಂದಲೇ ತೆಗೆದುಕೊಳ್ಳಬೇಕು. ಒತ್ತಡ ಅಳೆಯುವ ಪ್ರಯೋಗಾಲಯದ ನಳಿಗೆ ಅವರ ಬಳಿ ಇದೆ, ನಮ್ಮ ಬಳಿ ಇಲ್ಲ. ಕೈಪಿಡಿ ಒಂದು ಆರಂಭದ ತೂಕವನ್ನೂ ಒಂದು ಗರಿಷ್ಠ ತೂಕವನ್ನೂ ಕೊಡುತ್ತದೆ. ಆರಂಭದಿಂದ ಹೊರಟು ಸಣ್ಣ ಹೆಜ್ಜೆಗಳಲ್ಲಿ ಏರಬೇಕು. ಗುಂಡು, ಕೇಸ್, ಪ್ರೈಮರ್ ಇವುಗಳಲ್ಲಿ ಯಾವುದೇ ಒಂದು ಬದಲಾದರೂ ಮತ್ತೆ ಕೆಳಗಿಳಿದು ಆರಂಭಿಸಬೇಕು.

ಹೆಸರಿನ ಗೊಂದಲ ಇಲ್ಲಿ ದುಬಾರಿ. ಎರಡನೆಯ ಮಹಾಯುದ್ಧದಲ್ಲಿ 20 ಮಿಲಿಮೀಟರ್ ಫಿರಂಗಿಯ ತೋಟಾಗಳಿಗೆಂದು ತಯಾರಾಗಿ ಉಳಿದಿದ್ದ ಮದ್ದನ್ನು ಬ್ರೂಸ್ ಹಾಜ್‌ಡನ್ ಕೊಂಡು ಮಾರಿದರು. ಅದು ಎಚ್ 4831 ಎಂದು ಹೆಸರಾಯಿತು. ಐಎಂಆರ್ 4831 ಎಂಬ ಇನ್ನೊಂದು ಮದ್ದೂ ಇದೆ. ಸಂಖ್ಯೆ ಒಂದೇ ಆದರೂ ಎರಡನೆಯದು ಹೆಚ್ಚು ಬೇಗ ಉರಿಯುತ್ತದೆ. ಎಚ್ 4831ರ ತೂಕವನ್ನು ಐಎಂಆರ್ 4831ಕ್ಕೆ ಬಳಸಿದರೆ ಒತ್ತಡ ಮಿತಿ ಮೀರಬಹುದು. ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಮದ್ದಿನ ಡಬ್ಬಿ ಇರಬೇಕು, ಉಳಿದದ್ದು ಅದೇ ಡಬ್ಬಿಗೆ ಹಿಂತಿರುಗಬೇಕು, ಗುರುತು ಹಚ್ಚಿಲ್ಲದ ಮದ್ದು ಎಷ್ಟು ಬೆಲೆಯದಾದರೂ ಬಿಸಾಡಬೇಕು ಎಂಬ ನಿಯಮಗಳು ಹುಟ್ಟಿದ್ದು ಇಂಥ ಗೊಂದಲಗಳಿಂದಲೇ. ಮದ್ದು ಹಾಕಿದ ಮೇಲೆ ಕೇಸ್‌ಗಳನ್ನೆಲ್ಲ ಮರದ ಹಲಗೆಯ ರಂಧ್ರಗಳಲ್ಲಿ ಸಾಲಾಗಿ ನಿಲ್ಲಿಸಿ, ಮೇಲಿನಿಂದ ಟಾರ್ಚ್ ಬಿಟ್ಟು ಒಂದೊಂದರ ಬಾಯೊಳಗೂ ಇಣುಕಬೇಕು. ಮದ್ದಿನ ಮಟ್ಟ ಒಂದರಲ್ಲಿ ಬೇರೆಯಾಗಿ ಕಂಡರೂ ಅದನ್ನು ಖಾಲಿ ಮಾಡಿ ಮತ್ತೆ ತೂಗಬೇಕು. ಮಾತಾಡುತ್ತ, ಟಿವಿ ನೋಡುತ್ತ ಮಾಡುವ ಕೆಲಸ ಇದಲ್ಲ.

ಎಲ್ಕ್‌ಗೆ ಯಾವ ಗುಂಡು?

ಮದ್ದಿನ ಬಗ್ಗೆ ತಿಂಗಳುಗಟ್ಟಲೆ ಚರ್ಚಿಸುವ ಜನ ಗುಂಡಿನ ಬಗ್ಗೆ ಐದು ನಿಮಿಷವೂ ಯೋಚಿಸುವುದಿಲ್ಲ. ನನ್ನ ದೃಷ್ಟಿಯಲ್ಲಿ ಕ್ರಮ ಇದಕ್ಕೆ ತದ್ವಿರುದ್ಧವಾಗಿರಬೇಕು. ಪ್ರಾಣಿಯನ್ನು ಮುಟ್ಟುವುದು ಗುಂಡು ಮಾತ್ರ.

ಬೇಟೆಯ ಗುಂಡು ಎರಡು ವಿರುದ್ಧ ಕೆಲಸಗಳನ್ನು ಮಾಡಬೇಕು. ತಾಗಿದೊಡನೆ ಅರಳಿ ಅಗಲವಾಗಬೇಕು, ಆದರೆ ಚೂರಾಗದೆ ಭುಜದ ಮೂಳೆ ದಾಟಿ ಶ್ವಾಸಕೋಶದವರೆಗೂ ಇಳಿಯಬೇಕು. 1946ರಲ್ಲಿ ಜಾನ್ ನಾಸ್ಲರ್ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮೂಸ್ ಎಂಬ ಭಾರಿ ಜಿಂಕೆಯ ಬೇಟೆಗೆ ಹೋದಾಗ ಅವರ ಗುಂಡುಗಳು ಮೇಲ್ಮೈಯಲ್ಲೇ ಒಡೆದು ಒಳಗಿಳಿಯಲಿಲ್ಲ. ಆ ಅನುಭವದಿಂದ ಅವರು ರೂಪಿಸಿದ್ದು ನಡುವೆ ತಾಮ್ರದ ಅಡ್ಡಗೋಡೆ ಇರುವ ಪಾರ್ಟಿಷನ್ ಗುಂಡು: ಮುಂದಿನ ಅರ್ಧ ಅರಳುತ್ತದೆ, ಗೋಡೆಯ ಹಿಂದಿನ ಅರ್ಧ ಗಟ್ಟಿಯಾಗಿ ಉಳಿದು ಒಳಗೆ ನುಗ್ಗುತ್ತದೆ. ಬಳಿಕ ಬಂದವುಗಳಲ್ಲಿ ಸೀಸವನ್ನು ಹೊದಿಕೆಗೆ ಬೆಸೆದ ಗುಂಡುಗಳೂ, ಸೀಸವೇ ಇಲ್ಲದ ಪೂರ್ಣ ತಾಮ್ರದ ಗುಂಡುಗಳೂ ಇವೆ. ಇವುಗಳಲ್ಲಿ ಯಾವುದಾದರೂ ನಡೆಯುತ್ತದೆ. ಸ್ಪರ್ಧೆಯ ಗುಂಡುಗಳನ್ನು ಮಾತ್ರ ದೂರವಿಡಿ: ಕಾಗದದ ಮೇಲೆ ಅವು ಅಚ್ಚುಕಟ್ಟಾಗಿ ಬಿದ್ದರೂ ಮೈಯೊಳಗೆ ಹೇಗೆ ವರ್ತಿಸುತ್ತವೆಂಬ ಭರವಸೆ ಇಲ್ಲ.

ಕಾನೂನಿನ ಕನಿಷ್ಠ ಮಿತಿಯೂ ಇದೆ. ಕೊಲರಾಡೊದಲ್ಲಿ ಎಲ್ಕ್ ಬೇಟೆಯ ರೈಫಲ್ .24 ಕ್ಯಾಲಿಬರ್‌ಗಿಂತ (ಅಂದರೆ ನಳಿಗೆಯ ಒಳವ್ಯಾಸ 0.24 ಇಂಚಿಗಿಂತ) ಕಿರಿದಾಗಿರಬಾರದು, ಗುಂಡು ಅರಳುವಂಥದ್ದಾಗಿ ಕನಿಷ್ಠ 85 ಗ್ರೇನ್ ತೂಗಬೇಕು, ಮತ್ತು 100 ಗಜದಲ್ಲಿ ಅದರ ಶಕ್ತಿ 1,000 ಅಡಿ-ಪೌಂಡ್‌ಗೆ ಕಡಿಮೆ ಇರಬಾರದು. .30-06ರ 180 ಗ್ರೇನ್ ಗುಂಡು ಸೆಕೆಂಡಿಗೆ 2,700 ಅಡಿ ವೇಗದಲ್ಲಿ ಹೊರಟರೆ ನಳಿಗೆಯ ಬಾಯಲ್ಲಿ ಸುಮಾರು 2,900 ಅಡಿ-ಪೌಂಡ್ ಶಕ್ತಿ ಇರುತ್ತದೆ. ಆದ್ದರಿಂದ ಈ ಮಿತಿ ಚಿಂತೆಯ ವಿಷಯವಲ್ಲ. ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಮಿತಿ ಅರಳುವ ವೇಗದ್ದು. ಹಲವು ಗುಂಡುಗಳು ಸೆಕೆಂಡಿಗೆ ಸುಮಾರು 1,800 ಅಡಿಗಿಂತ ನಿಧಾನವಾಗಿ ತಾಗಿದರೆ ಸರಿಯಾಗಿ ಅರಳುವುದಿಲ್ಲ. ನಿಮ್ಮ ಗುಂಡಿನ ಮಿತಿಯನ್ನು ತಯಾರಕರ ಮಾಹಿತಿಯಲ್ಲಿ ನೋಡಿ, ಅದು ಎಷ್ಟು ಗಜಕ್ಕೆ ಆ ವೇಗಕ್ಕೆ ಇಳಿಯುತ್ತದೆಂದು ಲೆಕ್ಕ ಹಾಕಿ. ಆ ದೂರದಾಚೆ ಗುರಿ ಎಷ್ಟೇ ಖಚಿತವಿದ್ದರೂ ಟ್ರಿಗರ್ ಒತ್ತಬಾರದು.

ಬೇಟೆಗೆ ಎಷ್ಟು ನಿಖರತೆ ಬೇಕು?

ಜನ ಅಂದುಕೊಂಡಿರುವುದಕ್ಕಿಂತ ಕಡಿಮೆ. ಎಲ್ಕ್‌ನ ಹೃದಯ ಮತ್ತು ಶ್ವಾಸಕೋಶ ಇರುವ ಜಾಗ ಸುಮಾರು ಒಂದಡಿ ಅಗಲವಿರುತ್ತದೆ. 100 ಗಜದಲ್ಲಿ ಒಂದೂವರೆ ಇಂಚಿನೊಳಗೆ ಗುಂಡು ಹಾಕುವ ರೈಫಲ್ 300 ಗಜದಲ್ಲಿಯೂ ಆ ಕೆಲಸವನ್ನು ನಿರಾಯಾಸವಾಗಿ ಮಾಡುತ್ತದೆ. ಅದನ್ನು ಮುಕ್ಕಾಲು ಇಂಚಿಗೆ ಇಳಿಸಲು ನಳಿಗೆಯ ಅರ್ಧ ಆಯುಷ್ಯ ಸುಟ್ಟವರು ಇದ್ದಾರೆ. ಅಷ್ಟೇ ತೋಟಾಗಳನ್ನು ಮಂಡಿಯೂರಿ, ಕೂತು, ಮರಕ್ಕೆ ಒರಗಿ ಹಾರಿಸುವ ಅಭ್ಯಾಸಕ್ಕೆ ವ್ಯಯಿಸಿದ್ದರೆ ಹೆಚ್ಚು ಉಪಯೋಗವಾಗುತ್ತಿತ್ತು. ಗಂಟೆಗೆ 10 ಮೈಲಿ ವೇಗದ ಅಡ್ಡಗಾಳಿ 180 ಗ್ರೇನ್ ಗುಂಡನ್ನು 300 ಗಜದಲ್ಲಿ ಆರೇಳು ಇಂಚು ಪಕ್ಕಕ್ಕೆ ತಳ್ಳುತ್ತದೆ. ಮೇಜಿನ ಮೇಲೆ ಗೆದ್ದ ಕಾಲು ಇಂಚು ಆ ಗಾಳಿಯಲ್ಲಿ ಎಲ್ಲಿ ಹೋಯಿತೆಂದು ಗೊತ್ತೂ ಆಗುವುದಿಲ್ಲ.

ಬೇಟೆಯಲ್ಲಿ ಎಣಿಕೆಗೆ ಬರುವುದು ತಣ್ಣಗಿರುವ ನಳಿಗೆಯಿಂದ ಹೊರಡುವ ಮೊದಲ ಗುಂಡು. ಅದನ್ನು ಬೇರೆಬೇರೆ ದಿನ, ಪ್ರತಿ ಸಲ ಒಂದೊಂದೇ, ಒಂದೇ ಕಾಗದದ ಮೇಲೆ ಹಾರಿಸಿ ದಾಖಲಿಸಿದರೆ ರೈಫಲ್‌ನ ನಿಜವಾದ ಗುಣ ತಿಳಿಯುತ್ತದೆ.

ಮೂರು ಗುಂಡು ಅರ್ಧ ಇಂಚಿನಲ್ಲಿ ಬಿದ್ದವು. ನನಗೆ ಬೇಕಾದ ತೂಕ ಸಿಕ್ಕಿತೇ?

ಸಿಕ್ಕಿರಲೂಬಹುದು, ಆದರೆ ಮೂರು ಗುಂಡುಗಳಿಂದ ಅದನ್ನು ಹೇಳಲಾಗದು. ಒಂದೇ ರೈಫಲ್, ಒಂದೇ ತೋಟಾ, ಒಂದೇ ಕೈ ಎಂದಿಟ್ಟುಕೊಂಡರೂ ಗುಂಡುಗಳ ಸಂಖ್ಯೆ ಹೆಚ್ಚಿದಂತೆ ಕಾಗದದ ಮೇಲೆ ಅವು ಮಾಡುವ ತೂತುಗಳ ಗುಂಪಿನ ಅಗಲ ಹೆಚ್ಚುತ್ತದೆ. ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಮೂರು ಗುಂಡಿನ ಗುಂಪಿನ ಸರಾಸರಿ ಅಗಲ ಪ್ರಮಾಣಿತ ವಿಚಲನೆಯ (ಗುಂಡುಗಳ ಚದುರುವಿಕೆಯ ಅಳತೆ) 2.4 ಪಟ್ಟು, ಐದು ಗುಂಡಿನದು 3.1 ಪಟ್ಟು, ಹತ್ತು ಗುಂಡಿನದು 3.8 ಪಟ್ಟು. ಅಂದರೆ ಮೂರು ಗುಂಡಿಗೆ ಸರಾಸರಿ 1 ಇಂಚು ಕೊಡುವ ತೋಟಾ ಹತ್ತು ಗುಂಡಿಗೆ ಸುಮಾರು 1.6 ಇಂಚು ಕೊಡುತ್ತದೆ. ಅದೇನೂ ಕೆಟ್ಟಿಲ್ಲ, ನಿಜ ಹೊರಬಂದಿದೆ ಅಷ್ಟೆ. ಮೇಲಾಗಿ ಮೂರು ಗುಂಡಿನ ಗುಂಪುಗಳು ತಮ್ಮತಮ್ಮಲ್ಲೇ ಬಹಳ ಏರಿಳಿಯುತ್ತವೆ. ಒಂದೇ ಬಗೆಯ ತೋಟಾದಿಂದ ಒಮ್ಮೆ ಅರ್ಧ ಇಂಚು, ಮತ್ತೊಮ್ಮೆ ಒಂದೂವರೆ ಇಂಚು ಬರುವುದು ಅಚ್ಚರಿಯಲ್ಲ.

ಮದ್ದನ್ನು ಹಂತಹಂತವಾಗಿ ಏರಿಸುತ್ತ ಪ್ರತಿ ಹಂತಕ್ಕೆ ಮೂರೇ ಗುಂಡು ಹಾರಿಸಿ ಅತಿ ಚಿಕ್ಕ ಗುಂಪನ್ನು ಆರಿಸಿಕೊಳ್ಳುವ ಪದ್ಧತಿ ಇಂದಿಗೂ ಚಾಲ್ತಿಯಲ್ಲಿದೆ. ಅದು ಬಹುಮಟ್ಟಿಗೆ ಅದೃಷ್ಟವನ್ನು ಆರಿಸಿಕೊಳ್ಳುವ ಪದ್ಧತಿ ಎಂದೇ ನಾನು ತಿಳಿದಿದ್ದೇನೆ. ಸುರಕ್ಷಿತ ಮಿತಿಯೊಳಗೆ ಎರಡು ಮೂರು ತೂಕಗಳನ್ನು ಆರಿಸಿ, ಒಂದೊಂದಕ್ಕೂ ಹತ್ತು ಗುಂಡು ಹಾರಿಸಿ ಹೋಲಿಸುವುದು ಮೇಲು. ತೃಪ್ತಿಯಾಗದಿದ್ದರೆ ಮದ್ದಿನ ತೂಕವನ್ನು ತಿದ್ದುವುದಕ್ಕಿಂತ ಗುಂಡನ್ನೋ ಮದ್ದಿನ ಬಗೆಯನ್ನೋ ಬದಲಿಸಿದಾಗಲೇ ಕಣ್ಣಿಗೆ ಕಾಣುವ ವ್ಯತ್ಯಾಸ ಬರುತ್ತದೆ.

ವೇಗಮಾಪಕ ಬೇಕೇ?

ಬೇಕು, ಆದರೆ ಅದು ತೋರಿಸುವ ಪ್ರತಿ ಅಂಕೆಗೂ ಕಳವಳಪಡಬೇಕಾಗಿಲ್ಲ. ವೇಗದಲ್ಲಿ ಸೆಕೆಂಡಿಗೆ 20 ಅಡಿ ವ್ಯತ್ಯಾಸವಾದರೆ 300 ಗಜದಲ್ಲಿ ಗುಂಡು ಬೀಳುವ ಎತ್ತರ ಅರ್ಧ ಇಂಚಿನಷ್ಟೂ ಬದಲಾಗುವುದಿಲ್ಲ. ವೇಗಮಾಪಕದ ಮುಖ್ಯ ಉಪಯೋಗ ಎಚ್ಚರಿಕೆಯದ್ದು: ಅದೇ ಉದ್ದದ ನಳಿಗೆಯಿಂದ ಕೈಪಿಡಿ ಹೇಳಿದ್ದಕ್ಕಿಂತ ಹೆಚ್ಚಿನ ವೇಗ ಬಂದರೆ ಒತ್ತಡವೂ ಹೆಚ್ಚಿದೆ ಎಂದೇ ಅರ್ಥ.

ಒತ್ತಡ ಮಿತಿ ಮೀರಿದೆ ಎಂದು ಹೇಗೆ ತಿಳಿಯುತ್ತದೆ?

ನಳಿಗೆಯ ಹಿಂಬದಿಯನ್ನು ಮುಚ್ಚುವ ಬೋಲ್ಟ್‌ನ ಹಿಡಿಯನ್ನು ಎತ್ತುವಾಗ ಬಿಗಿಯಾಗುವುದು, ಪ್ರೈಮರ್ ಚಪ್ಪಟೆಯಾಗಿ ಅಂಚಿನವರೆಗೂ ಹರಡುವುದು, ಕೇಸಿನ ಬುಡದಲ್ಲಿ, ಖಾಲಿ ಕೇಸನ್ನು ಹೊರಗೆಸೆಯುವ ಎಜೆಕ್ಟರ್‌ನ ದುಂಡನೆಯ ಹೊಳಪಿನ ಗುರುತು ಮೂಡುವುದು, ಪ್ರೈಮರ್ ಗೂಡು ಸಡಿಲವಾಗುವುದು ಇವು ಲಕ್ಷಣಗಳು. ಆದರೆ ಇವು ಕಾಣಿಸುವ ಹೊತ್ತಿಗೆ ಮಿತಿ ಆಗಲೇ ದಾಟಿರುತ್ತದೆ. ಲಕ್ಷಣ ಕಂಡಿಲ್ಲ ಎಂಬುದು ಕೈಪಿಡಿಯ ಗರಿಷ್ಠವನ್ನು ಮೀರಲು ಅನುಮತಿಯಲ್ಲ. ಒಂದು ಲಕ್ಷಣ ಕಂಡರೂ ಉಳಿದ ತೋಟಾಗಳನ್ನು ಹಾರಿಸದೆ ಮನೆಗೆ ತಂದು ಬಿಚ್ಚಬೇಕು.

ಗುಂಡನ್ನು ಎಷ್ಟು ಆಳಕ್ಕೆ ಕೂರಿಸಬೇಕು?

ಸ್ಪರ್ಧಾಳುಗಳು ಗುಂಡು ನಳಿಗೆಯ ಒಳಗೆರೆಗಳನ್ನು (ಗುಂಡನ್ನು ತಿರುಗಿಸುವ ಸುರುಳಿ ಗೆರೆಗಳನ್ನು) ತಾಗುವಂತೆ ಹೊರಚಾಚಿ ಕೂರಿಸುವುದುಂಟು. ಬೇಟೆಯ ತೋಟಾಕ್ಕೆ ಅದು ಸಲ್ಲದು. ಒಳಗೆರೆಗೆ ಒತ್ತಿದ ಗುಂಡು ಒತ್ತಡವನ್ನು ಏರಿಸುತ್ತದೆ; ಹಾರಿಸದೆ ತೋಟಾ ಹೊರತೆಗೆಯಬೇಕಾದಾಗ ಗುಂಡು ಅಲ್ಲೇ ಸಿಕ್ಕಿಕೊಂಡು ಮದ್ದೆಲ್ಲ ರೈಫಲ್‌ನೊಳಗೆ ಚೆಲ್ಲಬಹುದು. ತೋಟಾ ಮ್ಯಾಗಜಿನ್‌ನಲ್ಲಿ (ರೈಫಲ್‌ನ ತೋಟಾ ಗೂಡಿನಲ್ಲಿ) ಸಲೀಸಾಗಿ ಕೂರಬೇಕು, ಅಲ್ಲಿಂದ ತಡೆಯಿಲ್ಲದೆ ಮೇಲೇರಬೇಕು. ಮೊದಲ ಷರತ್ತು ಇದು. ಪೂರ್ಣ ತಾಮ್ರದ ಗುಂಡುಗಳು ಒಳಗೆರೆಯಿಂದ 0.050 ಇಂಚಿನಷ್ಟು ಹಿಂದೆ ಕೂತಾಗ ಚೆನ್ನಾಗಿ ವರ್ತಿಸುವುದು ಸಾಮಾನ್ಯ. ಕಾಡಿಗೆ ಒಯ್ಯುವ ಪ್ರತಿ ತೋಟಾವನ್ನೂ ಮುಂಚಿತವಾಗಿ, ನಳಿಗೆಯನ್ನು ಸುರಕ್ಷಿತ ದಿಕ್ಕಿಗೆ ತಿರುಗಿಸಿ ಶೂಟಿಂಗ್ ರೇಂಜ್‌ನಲ್ಲಿ ಒಮ್ಮೆ ರೈಫಲ್‌ಗೆ ಏರಿಸಿ ಇಳಿಸಿ ನೋಡಬೇಕು.

ಒಂದು ಕೇಸನ್ನು ಎಷ್ಟು ಸಲ ಬಳಸಬಹುದು?

ಸಂಖ್ಯೆ ಹೇಳುವುದಕ್ಕಿಂತ ಪರೀಕ್ಷಿಸುವ ರೀತಿ ಹೇಳುವುದು ಮೇಲು. ಅಚ್ಚಿನಲ್ಲಿ ಕೇಸಿನ ಭುಜವನ್ನು (ಕತ್ತಿನ ಕಡೆಗೆ ಕಿರಿದಾಗುವ ಇಳಿಜಾರನ್ನು) ಅಗತ್ಯಕ್ಕಿಂತ ಹಿಂದೆ ತಳ್ಳಿದರೆ ಮುಂದಿನ ಸಲ ಹಾರಿಸಿದಾಗ ಅದು ಉದ್ದುದ್ದ ಹಿಗ್ಗಿ, ಬುಡದ ಸ್ವಲ್ಪ ಮೇಲೆ ಗೋಡೆ ತೆಳುವಾಗುತ್ತದೆ. ಒಂದು ದಿನ ಅಲ್ಲಿಯೇ ತುಂಡಾಗಿ ಬಿಸಿ ಅನಿಲ ಹಿಂದಕ್ಕೆ ನುಗ್ಗುತ್ತದೆ. ಪೇಪರ್ ಕ್ಲಿಪ್ ಒಂದನ್ನು ನೇರ ಮಾಡಿ, ತುದಿಯನ್ನು ಕೊಕ್ಕೆಯಾಗಿ ಬಗ್ಗಿಸಿ, ಕೇಸಿನೊಳಗೆ ಬುಡದವರೆಗೆ ಇಳಿಸಿ ಗೋಡೆಗೆ ತಾಗಿಸಿಕೊಂಡು ನಿಧಾನವಾಗಿ ಮೇಲಕ್ಕೆ ಎಳೆಯಿರಿ. ತುದಿ ಒಂದು ಕಡೆ ತಗ್ಗಿಗೆ ಸಿಕ್ಕಂತೆ ತಡೆದರೆ ಆ ಕೇಸ್ ಮುಗಿಯಿತು. ಹೊರಗೆ ಅದೇ ಎತ್ತರದಲ್ಲಿ ತೆಳುವಾದ ಹೊಳಪಿನ ಬಳೆಯೂ ಹೆಚ್ಚಾಗಿ ಕಾಣುತ್ತದೆ. ಭುಜವನ್ನು 0.002 ಇಂಚಿನಷ್ಟು ಮಾತ್ರ ಹಿಂದೆ ತಳ್ಳುವಂತೆ ಅಚ್ಚನ್ನು ಹೊಂದಿಸಿದರೆ ಈ ಸಮಸ್ಯೆ ಬಹಳ ಕಾಲ ಬರುವುದಿಲ್ಲ. ಪ್ರತಿ ಸಲ ಉದ್ದ ಅಳೆದು, 2.494 ಇಂಚು ಮೀರಿದರೆ ಕತ್ತರಿಸಬೇಕು.

ಬೇಸಿಗೆಯಲ್ಲಿ ಸರಿಹೊಂದಿಸಿದ ತೋಟಾ ಹಿಮದಲ್ಲಿಯೂ ಹಾಗೆಯೇ ಇರುತ್ತದೆಯೇ?

ಪೂರ್ತಿ ಹಾಗೆಯೇ ಇರುವುದಿಲ್ಲ. ಕೊಲರಾಡೊದಲ್ಲಿ ಎಲ್ಕ್‌ನ ರೈಫಲ್ ಋತು ಬಹುಪಾಲು ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಬರುತ್ತದೆ. ಮುಂಜಾನೆ ಉಷ್ಣಾಂಶ ಸೊನ್ನೆಗಿಂತ ಬಹಳ ಕೆಳಗಿರಬಹುದು. ಚಳಿಯಲ್ಲಿ ಮದ್ದು ನಿಧಾನವಾಗಿ ಉರಿಯುತ್ತದೆ, ವೇಗ ಇಳಿಯುತ್ತದೆ. ಎಚ್ 4350ರಂಥ ಮದ್ದುಗಳನ್ನು ಈ ಏರಿಳಿತ ಕಡಿಮೆಯಾಗುವಂತೆ ರೂಪಿಸಲಾಗಿದೆ. ಅಪಾಯ ಇರುವುದು ವಿರುದ್ಧ ದಿಕ್ಕಿನಲ್ಲಿ: ಚಳಿಗಾಲದಲ್ಲಿ ಮಿತಿಯ ಅಂಚಿಗೆ ತಂದ ತೋಟಾ ಬೇಸಿಗೆಯ ಬಿಸಿಲಲ್ಲಿ, ಅದರಲ್ಲೂ ಕಾರಿನೊಳಗೆ ಕಾದ ಮೇಲೆ, ಮಿತಿ ಮೀರುತ್ತದೆ.

ಸೀಸದ ಬಗ್ಗೆ ಅಷ್ಟೊಂದು ಚರ್ಚೆ ಏಕೆ?

ಮೂರು ಕಾರಣಗಳಿವೆ. ಮೊದಲನೆಯದು ಮಾಂಸ: 2008ರಲ್ಲಿ ನಾರ್ತ್ ಡಕೋಟಾದಲ್ಲಿ ಬೇಟೆಗಾರರು ದಾನ ಕೊಟ್ಟ ಜಿಂಕೆ ಮಾಂಸದಲ್ಲಿ ಸೀಸದ ಚೂರುಗಳು ಕಂಡುಬಂದು, ಅದನ್ನು ಬಡವರಿಗೆ ಹಂಚಬಾರದೆಂದು ಆರೋಗ್ಯ ಅಧಿಕಾರಿಗಳು ಸೂಚಿಸಿದರು. ಎರಡನೆಯದು ಹಕ್ಕಿ: ಬೇಟೆಗಾರರು ಬಿಟ್ಟುಹೋದ ಕರುಳು ಮಾಂಸವನ್ನು ತಿಂದ ಕ್ಯಾಲಿಫೋರ್ನಿಯಾದ ಕಾಂಡೋರ್ ರಣಹದ್ದುಗಳು ಸೀಸದ ವಿಷದಿಂದ ಸಾಯುತ್ತಿದ್ದವು, ಆ ರಾಜ್ಯದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡು ಪೂರ್ತಿ ನಿಷಿದ್ಧ. ಮೂರನೆಯದು ನಿಮ್ಮ ಮನೆ. ಪ್ರೈಮರ್‌ನ ಸಂಯುಕ್ತದಲ್ಲಿಯೂ ಸೀಸ ಇರುವುದರಿಂದ ಹಾರಿಸಿದ ಕೇಸ್‌ಗಳನ್ನು ಉಜ್ಜಿ ತೊಳೆಯುವ ಯಂತ್ರದ ಧೂಳು ವಿಷವೇ. ಆ ಯಂತ್ರವನ್ನು ಅಡುಗೆಮನೆಯಲ್ಲಿ ಇಡಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ, ಕೈ ತೊಳೆಯದೆ ಏನನ್ನೂ ತಿನ್ನಬೇಡಿ.

ತಾಮ್ರಕ್ಕೆ ಬದಲಿಸುವವರು ಗಮನಿಸಬೇಕಾದದ್ದಿಷ್ಟು. ತಾಮ್ರ ಸೀಸಕ್ಕಿಂತ ಹಗುರವಾದ್ದರಿಂದ ಅದೇ ತೂಕದ ಗುಂಡು ಹೆಚ್ಚು ಉದ್ದವಾಗಿ ಕೇಸಿನೊಳಗೆ ಹೆಚ್ಚು ಜಾಗ ತಿನ್ನುತ್ತದೆ. ಸೀಸದ ಗುಂಡಿನ ಮದ್ದಿನ ತೂಕವನ್ನು ಅದಕ್ಕೆ ಬಳಸುವಂತಿಲ್ಲ.

ಮದ್ದು, ಪ್ರೈಮರ್ ಮನೆಯಲ್ಲಿ ಎಷ್ಟು ಇಡಬಹುದು?

ಅಮೆರಿಕದ ರಾಷ್ಟ್ರೀಯ ಅಗ್ನಿ ಸುರಕ್ಷತಾ ಮಾನದಂಡ 495ರ ಪ್ರಕಾರ ಸ್ವಂತ ಬಳಕೆಗೆ 20 ಪೌಂಡ್‌ವರೆಗಿನ ಹೊಗೆರಹಿತ ಮದ್ದನ್ನು ಮೂಲ ಡಬ್ಬಿಗಳಲ್ಲಿ, 10,000 ಪ್ರೈಮರ್‌ಗಳನ್ನು ಮನೆಯಲ್ಲಿ ಇಡಬಹುದು. ನಗರದ ನಿಯಮವೋ ಬಾಡಿಗೆ ಕರಾರೋ ಇದಕ್ಕಿಂತ ಬಿಗಿಯಾಗಿರಬಹುದು. ಮದ್ದನ್ನು ಗಟ್ಟಿ ಉಕ್ಕಿನ ಪೆಟ್ಟಿಗೆಯಲ್ಲಿ ಬಿಗಿಯಾಗಿ ಮುಚ್ಚಿಡುವುದು ಸುರಕ್ಷಿತವೆಂದು ತೋರಿದರೂ ತಪ್ಪು: ಬಯಲಿನಲ್ಲಿ ಅದು ಬರೀ ಉರಿಯುತ್ತದೆ, ಬಿಗಿದ ಪೆಟ್ಟಿಗೆಯಲ್ಲಿ ಸಿಡಿಯುತ್ತದೆ.

ಗೆಳೆಯರಿಗೆ ಕಟ್ಟಿಕೊಟ್ಟು ಹಣ ಪಡೆಯಬಹುದೇ?

ಮಾರಾಟಕ್ಕಾಗಿ ತೋಟಾ ತಯಾರಿಸಲು ಒಕ್ಕೂಟದ ಪರವಾನಗಿ ಬೇಕು. ಪುಕ್ಕಟೆ ಕೊಡುವುದೂ ಜಾಣತನವಲ್ಲ, ಏಕೆಂದರೆ ನಿಮ್ಮ ರೈಫಲ್‌ಗೆ ಸುರಕ್ಷಿತವಾದ ತೋಟಾ ಅವರದಕ್ಕೆ ಹಾಗಿರಬೇಕೆಂದಿಲ್ಲ.

ಕರ್ನಾಟಕಕ್ಕೆ ಬಂದಾಗ ಇದನ್ನು ಮುಂದುವರಿಸಬಹುದೇ?

ಸಾಧ್ಯವಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972 ಬೇಟೆಯನ್ನು ನಿಷೇಧಿಸಿದೆ, ಮತ್ತು ಶಸ್ತ್ರಾಸ್ತ್ರ ಕಾಯ್ದೆ, 1959ರ 5ನೇ ಕಲಮಿನಂತೆ ತೋಟಾ ತಯಾರಿಕೆಗೆ ಪರವಾನಗಿ ಬೇಕು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ, 2029ರವರೆಗೆ ವಿಸ್ತರಣೆಯಾದ ವಿನಾಯಿತಿ ಕೆಲವು ಬಗೆಯ ಕೋವಿಗಳನ್ನು ಹೊಂದುವುದಕ್ಕೆ ಮಾತ್ರ ಸಂಬಂಧಿಸಿದ್ದು. ಅದು ಬೇಟೆಗೂ ತೋಟಾ ತಯಾರಿಕೆಗೂ ಅನುಮತಿ ಕೊಡುವುದಿಲ್ಲ.

ಪ್ರಯಾಣಕ್ಕೆ ಮುನ್ನ ಚೀಲ ಪರಿಶೀಲಿಸುವುದನ್ನು ಮರೆಯಬೇಡಿ. ಮದ್ದು, ಪ್ರೈಮರ್‌ಗಳನ್ನು ಅಮೆರಿಕದ ವಿಮಾನಗಳಲ್ಲಿ ಕೈಚೀಲದಲ್ಲಿಯೂ ಸಾಮಾನಿನಲ್ಲಿಯೂ ಒಯ್ಯುವಂತಿಲ್ಲ. ಭಾರತದ ವಿಮಾನ ನಿಲ್ದಾಣದಲ್ಲಿ ಒಂದು ಜೀವಂತ ತೋಟಾ ಸಿಕ್ಕರೂ ಶಸ್ತ್ರಾಸ್ತ್ರ ಕಾಯ್ದೆಯಡಿ ಪ್ರಕರಣ ದಾಖಲಾಗುತ್ತದೆ. ಗೊತ್ತಿಲ್ಲದೆ ಬಂದದ್ದೆಂದು ಸಾಬೀತುಪಡಿಸಲು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗುತ್ತದೆ. ರೇಂಜ್‌ಗೆ ಒಯ್ಯುವ ಚೀಲವನ್ನೂ ಅಲ್ಲಿ ತೊಡುವ ಜಾಕೆಟ್ಟನ್ನೂ ಊರಿನ ಪ್ರಯಾಣಕ್ಕೆ ಬಳಸದಿರುವುದೇ ಇದಕ್ಕಿರುವ ಸುಲಭ ಉಪಾಯ.